ಪಾಠ, ಕತೆ, ಪ್ರೂಫು: ತುಮಕೂರಿನ ಕನ್ನಡ ಮೇಡಂಗೆ ಪದೇ ಪದೇ ಬರುವ ಪ್ರಶ್ನೆಗಳು

ಕಾಲೇಜಿನ ಕಾರಿಡಾರಿನಲ್ಲಿ ಕೇಳುತ್ತಾರೆ. ಪುಸ್ತಕ ಬಿಡುಗಡೆ ಮುಗಿದು ಉಪ್ಪಿಟ್ಟಿನ ತಟ್ಟೆ ಹಿಡಿದಾಗ ಕೇಳುತ್ತಾರೆ. ಮಧುಗಿರಿಯ ಹಿರಿಯರೊಬ್ಬರು ಈಗಲೂ ಇನ್‌ಲ್ಯಾಂಡ್ ಲೆಟರಿನಲ್ಲೇ ಕೇಳುತ್ತಾರೆ, ಹುಡುಗರು ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆಪ್‌ನಲ್ಲಿ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ, ತಿದ್ದಿಲ್ಲ.

## ಮೊದಲ ಸಲ ಸಿಕ್ಕವರು ಕೇಳುವುದು

"ಮೇಡಂ, ನಿಮ್ಮನ್ನ ಲೆಕ್ಚರರ್ ಅಂತಾರೆ, ಕತೆಗಾರ್ತಿ ಅಂತಾರೆ, ಪಬ್ಲಿಷರ್ ಅಂತಾರೆ. ನಿಜವಾಗ್ಲೂ ನಿಮ್ದು ಏನ್ ಕೆಲ್ಸ?"

ಸಂಬಳ ಬರುವುದು ಪಾಠಕ್ಕೆ. ಕತೆಗೆ ಗೌರವಧನ ಬಂದರೆ ಬಂತು. ಪ್ರಕಾಶನಕ್ಕೆ ಕೈಯಿಂದಲೇ ಹೋಗುತ್ತದೆ. ಬೆಳಿಗ್ಗೆ ಕ್ಲಾಸಿನಲ್ಲಿ ಬೇರೆಯವರು ಬರೆದದ್ದನ್ನು ಓದಿಸುತ್ತೇನೆ, ಮಧ್ಯಾಹ್ನ ಸಂಶೋಧನಾ ವಿದ್ಯಾರ್ಥಿಯ ಅಧ್ಯಾಯ ತಿದ್ದುತ್ತೇನೆ, ರಾತ್ರಿ ಊಟದ ಮೇಜಿನ ಮೇಲೆ ಯಾರದೋ ಚೊಚ್ಚಲ ಸಂಕಲನದ ಪ್ರೂಫು. ಹೊರಗಿನವರಿಗೆ ಮೂರು ಕೆಲಸ. ನನಗೆ ಮಾತ್ರ ಇನ್ನೊಬ್ಬರ ಸಾಲನ್ನು ನಿಧಾನವಾಗಿ ಓದುವ ಒಂದೇ ಕೆಲಸ.

ಇದನ್ನು ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಚಿ. ಶ್ರೀನಿವಾಸರಾಜು ಅವರು ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ ಅಲ್ಲಿನ ಕನ್ನಡ ಸಂಘದಿಂದ ಹುಡುಗರ ಕವಿತೆ, ಕತೆಗಳನ್ನು ಸ್ಪರ್ಧೆಯಿಟ್ಟು ಆರಿಸಿ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಕೊಟ್ಟರು. ಇವತ್ತು ಹೆಸರಾದ ಎಷ್ಟೋ ಕವಿಗಳು ಮೊದಲು ಅಚ್ಚಾದದ್ದು ಆ ಸಣ್ಣ ಪುಸ್ತಕಗಳಲ್ಲಿ.

"ಸಮಕಾಲೀನ ಸಾಹಿತ್ಯ ಅಂದ್ರೆ ಯಾವ ಇಸವಿಯಿಂದ ಶುರು?"

ಪರೀಕ್ಷೆಗೆ ಬೇಕಾದರೆ ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂದು ಬರೆದು, ಅದರಿಂದ ಈಚೆಗಿನದು ಎನ್ನಿ. ಅಂಕ ಬರುತ್ತದೆ. ನಮ್ಮ ಜಿಲ್ಲೆ ಈ ಪಟ್ಟಿಯ ಎರಡೂ ತುದಿಯಲ್ಲಿದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ ನವೋದಯದ ಬಾಗಿಲು ತೆಗೆದರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದ ಸಚಿವ ಬಸವಲಿಂಗಪ್ಪನವರ ಮಾತಿಗೆ ಎದ್ದ 1973ರ ಬೂಸಾ ಗಲಾಟೆಯ ನಂತರ, 1979ರಲ್ಲಿ ಬಂಡಾಯ ಸಂಘಟನೆ ಕಟ್ಟಿದವರಲ್ಲಿ ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪ ಒಬ್ಬರು.

ನಾನು ಪಾಠ ಮಾಡುವಾಗ ಇಸವಿ ಹಿಡಿಯುವುದಿಲ್ಲ. ಅನುಮಾನ ಬಂದರೆ ಫೋನ್ ಮಾಡಿ ಕೇಳಬಹುದಾದ ಲೇಖಕರಿದ್ದರೆ ಅದು ಸಮಕಾಲೀನ. ಕೆ.ಬಿ. ಸಿದ್ದಯ್ಯನವರ ಖಂಡಕಾವ್ಯಗಳನ್ನು ಪಾಠ ಮಾಡುವಾಗ ಹಾಗೆ ಕೇಳಬಹುದಿತ್ತು. 2019ರಲ್ಲಿ ಅವರು ತೀರಿಕೊಂಡ ಮೇಲೆ ಅದೇ ಸಾಲುಗಳನ್ನು ಹೇಳುವಾಗ ನನ್ನ ದನಿ ಬದಲಾದದ್ದು ನನಗೇ ಗೊತ್ತಾಯಿತು. ಈಗ ಅರ್ಥಕ್ಕೆ ನಾವೇ ಜವಾಬ್ದಾರರು.

"ಬರೆಯೋದನ್ನ ಕಲಿಸೋಕಾಗುತ್ತಾ? ಅದು ಹುಟ್ಟಿನಿಂದಲೇ ಬರ್ಬೇಕಲ್ವಾ?"

ಸಂಗೀತಕ್ಕೆ, ಯಕ್ಷಗಾನಕ್ಕೆ, ಮಡಕೆ ಮಾಡುವುದಕ್ಕೆ ಗುರು ಬೇಕು. ಕತೆಗೆ ಮಾತ್ರ ಸರಸ್ವತಿ ನೇರವಾಗಿ ನಾಲಿಗೆಯ ಮೇಲೆ ಬರೆಯಬೇಕು ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಕಣ್ಣು, ಕಿವಿ, ಹಟ ಇವನ್ನು ನಾನು ಕೊಡಲಾರೆ. ಆದರೆ ಸುಳ್ಳು ಸಾಲನ್ನು ಗುರುತಿಸುವುದನ್ನು ಕಲಿಸಬಹುದು. ಒಂದು ಉದಾಹರಣೆ ಕೊಡುತ್ತೇನೆ.

ಎರಡನೇ ವರ್ಷದ ಹುಡುಗನೊಬ್ಬ ತಂದ ಕತೆ ಹೀಗೆ ಶುರುವಾಗಿತ್ತು: "ಬಡತನದ ಬೇಗೆಯಲ್ಲಿ ಬೆಂದ ನನ್ನ ತಾಯಿ ಕಣ್ಣೀರಿನಲ್ಲಿ ಕೈತೊಳೆಯುತ್ತಿದ್ದಳು." ವ್ಯಾಕರಣ ಸರಿ, ಕಾಗುಣಿತ ಸರಿ. ಆದರೆ ಈ ತಾಯಿಯನ್ನು ನಾನು ಇನ್ನೂರು ಕತೆಗಳಲ್ಲಿ ನೋಡಿದ್ದೇನೆ. "ಆವತ್ತು ನಿಮ್ಮಮ್ಮ ಏನ್ ಮಾಡ್ತಿದ್ರಪ್ಪ?" ಅಂತ ಕೇಳಿದೆ. "ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸ್ತಿದ್ರು ಮೇಡಂ, ಮಂಡಿಯವರಿಗೆ, ಕೆ.ಜಿ. ಲೆಕ್ಕದಲ್ಲಿ" ಅಂದ. "ಕೈ ಹೇಗಿತ್ತು?" ಸುಮ್ಮನಾದ. ಮುಂದಿನ ವಾರ ಬರೆದು ತಂದ: "ಅವ್ವನ ಬೆರಳ ಸಂದಿಯಲ್ಲಿ ಹುಣಸೆ ಹತ್ತಿ ಕಪ್ಪಾಗಿತ್ತು. ಅವಳು ಕಲಸಿ ಕೊಟ್ಟರೆ ಸಾರಿಗೆ ಬೇರೆ ಹುಳಿ ಬೇಕಾಗುತ್ತಿರಲಿಲ್ಲ."

ಎರಡನೇ ಸಾಲು ನಾನು ಹೇಳಿಕೊಟ್ಟದ್ದಲ್ಲ, ನನ್ನಿಂದ ಆಗುತ್ತಲೂ ಇರಲಿಲ್ಲ. ಆ ಸಾಲಿಗೆ ಅಡ್ಡ ಕೂತಿದ್ದ 'ಬಡತನದ ಬೇಗೆ'ಯನ್ನು ಎಬ್ಬಿಸಿ ಕಳಿಸಿದ್ದಷ್ಟೇ ನನ್ನ ಪಾಠ.

"ಓದೋಕೆ ಒಂದು ಲಿಸ್ಟ್ ಕೊಡಿ ಮೇಡಂ."

ಕೊಡುವುದಿಲ್ಲ. ಪಟ್ಟಿ ತೆಗೆದುಕೊಂಡವರು ಪಟ್ಟಿಯನ್ನು ಜೋಪಾನ ಮಾಡುತ್ತಾರೆ, ಪುಸ್ತಕ ಓದುವುದಿಲ್ಲ. ಗ್ರಂಥಾಲಯದ ಕಪಾಟಿನ ಮುಂದೆ ನಿಂತು ಮೊದಲ ಪುಟ ಓದಿ. ಎರಡನೇ ಪುಟಕ್ಕೆ ಕೈ ತಾನಾಗಿ ಹೋದರೆ ಅದನ್ನೇ ತನ್ನಿ.

"ಕನ್ನಡ ಎಂ.ಎ. ಮಾಡಿದ್ರೆ ಹೊಟ್ಟೆ ತುಂಬುತ್ತಾ?"

ಇದನ್ನು ಹುಡುಗರಿಗಿಂತ ಅವರ ಅಪ್ಪಂದಿರೇ ಹೆಚ್ಚು ಕೇಳುವುದು. ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗದೆ ಕಾಲೇಜಿನ ಕೆಲಸದ ಆಸೆ ಬೇಡ. ಪಾಸಾದ ಮೇಲೂ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿರಬೇಕಾದೀತು. ನನ್ನ ವಿದ್ಯಾರ್ಥಿಗಳಲ್ಲಿ ಪ್ರೂಫ್ ತಿದ್ದಿ ಬದುಕುವವರಿದ್ದಾರೆ, ಸಬ್‌ಟೈಟಲ್ ಬರೆಯುವವರಿದ್ದಾರೆ, ಪಿಡಿಒ ಆದವರಿದ್ದಾರೆ, ಎಪಿಎಂಸಿಯಲ್ಲಿ ಅಪ್ಪನ ಮಂಡಿಗೆ ವಾಪಸು ಹೋದವರೂ ಇದ್ದಾರೆ. ಕೊನೆಯವನೇ ಎಲ್ಲರಿಗಿಂತ ಹೆಚ್ಚು ಪುಸ್ತಕ ಕೊಳ್ಳುವುದು.

## ಬರೆಯಲು ಕೂತವರು ಕೇಳುವುದು

"ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನಾನು ಯಾವುದರಲ್ಲಿ ಬರೀಲಿ?"

ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆಯ ಮಕ್ಕಳು ಇದನ್ನು ತಪ್ಪೊಪ್ಪಿಗೆಯ ಹಾಗೆ ಕೇಳುತ್ತಾರೆ, ದನಿ ತಗ್ಗಿಸಿ. ಪಾವಗಡದಿಂದ ಹೆಚ್ಚುಕಡಿಮೆ ಯಾವ ದಿಕ್ಕಿಗೆ ಹೊರಟರೂ ಆಂಧ್ರದ ಊರು ಸಿಗುತ್ತದೆ. ಅಲ್ಲಿನ ಮಗು ಅಜ್ಜಿಯ ಕತೆಯನ್ನು ತೆಲುಗಿನಲ್ಲಿ ಕೇಳಿ, ಪದ್ಯವನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿ ಬೆಳೆದಿರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ಕೋಲಾರ ಸೀಮೆಯ ಮಾಸ್ತಿಯವರ ಮನೆಮಾತು ತಮಿಳು, ಧಾರವಾಡದ ಬೇಂದ್ರೆಯವರದು ಮರಾಠಿ. ಇಬ್ಬರಿಗೂ ಜ್ಞಾನಪೀಠ ಬಂದದ್ದು ಕನ್ನಡಕ್ಕೆ.

ಯಾವ ಭಾಷೆಯಲ್ಲಿ ಬೈಗುಳ ತಡವಿಲ್ಲದೆ ಬರುತ್ತದೋ ಅದು ಪಾತ್ರಗಳ ಮಾತಿಗಿರಲಿ, ಯಾವ ಭಾಷೆಯಲ್ಲಿ ಯೋಚನೆ ಉದ್ದಕ್ಕೆ ಹರಿಯುತ್ತದೋ ಅದು ನಿರೂಪಣೆಗೆ. ಅಜ್ಜಿ ತೆಲುಗಿನಲ್ಲೇ ಬೈಯಲಿ. ಕಂಸದಲ್ಲಿ ಅರ್ಥ ಕೊಡಬೇಡಿ. ಬೈಗುಳದ ಅರ್ಥ ಮುಂದಿನ ಸಾಲಿನಲ್ಲಿ ಬೈಸಿಕೊಂಡವನ ಮುಖದಿಂದ ಗೊತ್ತಾಗಬೇಕು.

"ನಮ್ಮೂರ ಮಾತಲ್ಲೇ ಬರೆದ್ರೆ ನೀವು ತಿದ್ದಿಬಿಡ್ತೀರಾ?"

ಹಿಂದೆ ತಿದ್ದುತ್ತಿದ್ದೆ. ಒಂದು ಸಲ ಬುದ್ಧಿ ಬಂತು.

ಶಿರಾ ಕಡೆಯ ಹುಡುಗಿಯ ಕತೆಯಲ್ಲಿ ಅಜ್ಜಿ ಹೇಳುತ್ತಾಳೆ: "ಮಳೆ ಉಯ್ಯಾಕಿಲ್ಲ ಅಂದ್ರೆ ಉಯ್ಯಾಕಿಲ್ಲ ಕಣ್ ಕೂಸು." ನಾನಾಗ ಹೊಸದಾಗಿ ಸಂಪಾದಕಿಯಾದವಳು, ಕೈಯಲ್ಲಿ ಕೆಂಪು ಪೆನ್ನು. "ಮಳೆ ಸುರಿಯುವುದಿಲ್ಲ ಮಗು" ಎಂದು ಮಾಡಿದೆ. ಸಂಕಲನ ಅಚ್ಚಾಯಿತು. ಬಿಡುಗಡೆಯ ದಿನ ಆ ಹುಡುಗಿ ಅದೇ ಪುಟ ಓದಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಜ್ಜಿ ಪಕ್ಕದವರನ್ನು ಗಟ್ಟಿಯಾಗಿ ಕೇಳಿದರು: "ಇದ್ಯಾರು ಮಾತಾಡ್ತಿರಾದು?" ಸಭೆ ನಕ್ಕಿತು. ನಾನೂ ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನಾನು ನೋಡುವುದು ಒಂದನ್ನೇ: ಒಬ್ಬ ಪಾತ್ರ ಮೊದಲ ಪುಟದಲ್ಲಿ 'ವೋಗ್ತೀನಿ' ಅಂದು ಆರನೇ ಪುಟದಲ್ಲಿ 'ಹೋಗುತ್ತೇನೆ' ಅನ್ನಬಾರದು. ಅಂದರೆ ಅದಕ್ಕೆ ಕಾರಣವಿರಬೇಕು. ಮುಂದೆ ಪೊಲೀಸಿನವನೋ ಬ್ಯಾಂಕ್ ಮ್ಯಾನೇಜರೋ ನಿಂತಿರಬೇಕು.

"ಪತ್ರಿಕೆಗೆ ಕಳಿಸಿ ಆರು ತಿಂಗಳಾಯ್ತು, ಉತ್ತರಾನೇ ಇಲ್ಲ."

ಉತ್ತರ ಬಾರದಿರುವುದೇ ಬಹಳ ಸಲ ಉತ್ತರ. ಮೂರು ತಿಂಗಳು ಕಾದು, ಒಂದು ಸಾಲಿನ ನೆನಪೋಲೆ ಬರೆದು, ಆಮೇಲೆ ಬೇರೆ ಕಡೆ ಕಳಿಸಿ. ಒಂದೇ ಕತೆಯನ್ನು ಒಟ್ಟಿಗೆ ನಾಲ್ಕು ಕಡೆ ಕಳಿಸಿ ಎರಡು ಕಡೆ ಅಚ್ಚಾದರೆ ಇಬ್ಬರು ಸಂಪಾದಕರನ್ನು ಕಳೆದುಕೊಂಡ ಹಾಗೆ. ಸ್ಪರ್ಧೆಗಳಿಗೂ ಹಾಕಿ: ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಇದೆ, ಮೂವತ್ತರೊಳಗಿನವರಿಗೆ ಟೊಟೊ ಪುರಸ್ಕಾರ ಇದೆ, ಹಸ್ತಪ್ರತಿ ಸಿದ್ಧವಿದ್ದರೆ ಛಂದ ಪುಸ್ತಕ ಪ್ರಕಾಶನದ ಬಹುಮಾನವಿದೆ. ಗೆಲ್ಲದಿದ್ದರೂ ಕೊನೆಯ ದಿನಾಂಕದ ಭಯಕ್ಕಾದರೂ ಕತೆ ಮುಗಿಯುತ್ತದೆ.

"ಚಾಟ್‌ಜಿಪಿಟಿಯಲ್ಲಿ ಬರೆಸಿದ್ರೆ ನಿಮಗೆ ಗೊತ್ತಾಗುತ್ತಾ?"

ಎಲ್ಲ ಸಲ ಗೊತ್ತಾಗುತ್ತದೆ ಎಂದರೆ ಸುಳ್ಳಾದೀತು. ಆದರೆ 'ಬಡತನದ ಬೇಗೆ' ಬರೆಯಲು ಯಂತ್ರವೇ ಬೇಕೆಂದಿಲ್ಲ, ಅದನ್ನು ನಾವು ಮೊದಲಿನಿಂದಲೂ ಕೈಯಿಂದಲೇ ಮಾಡುತ್ತಿದ್ದೇವೆ. ಬರೆದವರನ್ನು ಎದುರಿಗೆ ಕೂರಿಸಿಕೊಂಡು "ಈ ಪದ ಯಾಕೆ?" ಎಂದು ಕೇಳುತ್ತೇನೆ. ತಾನೇ ಬರೆದವನು ಜಗಳಕ್ಕೆ ಬರುತ್ತಾನೆ.

## ಪುಸ್ತಕ ಮಾಡಹೊರಟವರು ಕೇಳುವುದು

"ನನ್ನ ಪುಸ್ತಕ ಮಾಡಿಸ್ಬೇಕು. ಎಷ್ಟು ಕೊಡ್ಬೇಕು ಹೇಳಿ."

ನನಗೆ ಏನೂ ಕೊಡಬೇಕಿಲ್ಲ. ಆದರೆ ಹಸ್ತಪ್ರತಿ ನನಗೆ ಹಿಡಿಸಬೇಕು, ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲ. ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದು ಪಾಪವಲ್ಲ. ಆದರೆ ಕೊಡುವುದು ಯಾತಕ್ಕೆ ಎಂದು ತಿಳಿದು ಕೊಡಿ.

ಯಾವುದಾದರೂ ಕನ್ನಡ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿ ನೋಡಿ. "1/8 ಡೆಮಿ, 70 ಜಿ.ಎಸ್.ಎಂ. ಎನ್.ಎಸ್. ಮ್ಯಾಪ್ಲಿಥೊ" ಎಂದಿರುತ್ತದೆ. ಪುಸ್ತಕದ ಅಳತೆ, ಕಾಗದದ ತೂಕ, ಕಾಗದದ ಜಾತಿ ಮೂರೂ ಅದರಲ್ಲಿವೆ. ಅಚ್ಚು ಫಾರಂ ಲೆಕ್ಕದಲ್ಲಿ ನಡೆಯುತ್ತದೆ, ಹದಿನಾರು ಪುಟಕ್ಕೆ ಒಂದು ಫಾರಂ. 160 ಪುಟವಾದರೆ ಹತ್ತು ಫಾರಂ. ನಿಮ್ಮ ಪುಸ್ತಕ 163 ಪುಟ ಬಂದರೆ ಆ ಮೂರು ಪುಟಕ್ಕೆ ಇನ್ನೊಂದು ಫಾರಮ್ಮೋ ಅರ್ಧ ಫಾರಮ್ಮೋ ಹಿಡಿಯುತ್ತದೆ. ಆಗ ಕವಿಗಳಿಗೆ ನಾನು ಹೇಳುವುದು, "ಮೂರು ಪದ್ಯ ಬಿಡಿ." ಎಷ್ಟೋ ಸಂಕಲನ ಹೀಗೇ ಚೆನ್ನಾಗಾಗಿದೆ. ಪ್ಲೇಟು ಮಾಡಿಸಿ ಮೆಷಿನ್ ಕೂರಿಸುವ ಖರ್ಚು ಐವತ್ತು ಪ್ರತಿಗೂ ಅಷ್ಟೇ, ಐನೂರಕ್ಕೂ ಅಷ್ಟೇ. ಅದಕ್ಕೇ ಆಫ್‌ಸೆಟ್‌ನಲ್ಲಿ ಪ್ರತಿ ಹೆಚ್ಚಾದಷ್ಟೂ ಒಂದರ ಬೆಲೆ ಇಳಿಯುತ್ತದೆ, ಡಿಜಿಟಲ್‌ನಲ್ಲಿ ಹಾಗೆ ಇಳಿಯುವುದಿಲ್ಲ. ನೂರೇ ಪ್ರತಿ ಸಾಕಾದರೆ ಡಿಜಿಟಲ್ ಮಾಡಿಸಿ. ಮಂಚದ ಕೆಳಗೆ ಜಾಗ ಉಳಿಯುತ್ತದೆ.

ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಿ. ಪ್ರಕಟಣೆ ಬಂದಾಗ ವಯಸ್ಸಿನ ಮಿತಿ, ನಿಬಂಧನೆಗಳನ್ನು ಪೂರ್ತಿ ಓದಿ.

"ಐಎಸ್‌ಬಿಎನ್ ತೆಗೆಸಿಕೊಡ್ತೀವಿ, ಇಷ್ಟು ಸಾವಿರ ಕೊಡಿ ಅಂತಿದ್ದಾರೆ. ಕೊಡ್ಲಾ?"

ಕೊಡಬೇಡಿ. ಭಾರತದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಗೆ ಲೇಖಕರೇ ಆನ್‌ಲೈನ್ ಅರ್ಜಿ ಹಾಕಬಹುದು. 2007ರಿಂದ ಅದು ಹದಿಮೂರು ಅಂಕಿಯ ಸಂಖ್ಯೆ. 978ರ ನಂತರ 81 ಅಥವಾ 93 ಇದ್ದರೆ ಭಾರತದ್ದು. ಅದು ಪುಸ್ತಕದ ಗುರುತಿನ ಚೀಟಿ, ನಡತೆ ಪ್ರಮಾಣಪತ್ರವಲ್ಲ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಎಲ್ಲರೂ ಮರೆಯುವುದು ಇದನ್ನೇ.

"ನುಡಿಯಲ್ಲಿ ಟೈಪ್ ಮಾಡಿದ್ದೀನಿ, ನಡೆಯುತ್ತಾ?"

ಯೂನಿಕೋಡಿನಲ್ಲಿ ಕಳಿಸಿ. ನುಡಿ ಈಗ ಯೂನಿಕೋಡನ್ನೂ ಕೊಡುತ್ತದೆ, ಆ ಆಯ್ಕೆ ಒತ್ತಿ. ಹಳೆಯ ಆಸ್ಕಿ ಅಕ್ಷರಗಳನ್ನು ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ದಾರಿ ತಪ್ಪುತ್ತವೆ. ನನ್ನದೇ ಮೊದಲ ಸಂಕಲನದಲ್ಲಿ, ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ, ಕೊನೆಯ ಪ್ರೂಫಾದ ಮೇಲೆ ಫೈಲು ಬದಲಾಯಿಸಿ 'ಮಕ್ಕಳು' ಎಲ್ಲೆಲ್ಲಿತ್ತೋ ಅಲ್ಲೆಲ್ಲ 'ಮಕಳು' ಆಯಿತು. ಒಂದು ಕತೆಯ ಹೆಸರಲ್ಲೇ ಆ ಪದವಿತ್ತು. ಪೆನ್ನು ಹಿಡಿದು ಪ್ರತಿಯೊಂದು ಪುಸ್ತಕದಲ್ಲೂ ಒತ್ತು ಹಾಕುತ್ತಾ ಕೂತೆವು, ನಾನು ಮತ್ತು ನನ್ನ ತಂಗಿ. ಅಂದಿನಿಂದ ಯಂತ್ರಕ್ಕೆ ಹೋಗುವ ಕಟ್ಟಕಡೆಯ ಪಿಡಿಎಫ್‌ನ್ನೇ ಕಾಗದದ ಮೇಲೆ ತೆಗೆಸಿ ತುಮಕೂರು ಪ್ಯಾಸೆಂಜರಿನಲ್ಲಿ ಓದುತ್ತಾ ಬರುತ್ತೇನೆ. ಪರದೆಯ ಮೇಲೆ ಕಾಣದ ತಪ್ಪು ನಿಡವಂದ ದಾಟುವಷ್ಟರಲ್ಲಿ ಕಾಣುತ್ತದೆ.

"ಐನೂರು ಪ್ರತಿ ಯಾರು ಕೊಳ್ತಾರೆ ಮೇಡಂ?"

ಬಿಡುಗಡೆಯ ದಿನ ನೆಂಟರು, ಗೆಳೆಯರು ಒಂದಷ್ಟು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ದೊಡ್ಡ ಉಸಿರು, ಹಣ ಮಾತ್ರ ನಿಧಾನಕ್ಕೆ ಬರುತ್ತದೆ. ಕೆಲವು ಪ್ರಕಾಶಕರು ಆ ಖರೀದಿಯ ಪುಟವಾರು ದರವನ್ನೇ ಕಣ್ಣಲ್ಲಿಟ್ಟುಕೊಂಡು ಪುಸ್ತಕ ದಪ್ಪ ಮಾಡುವುದುಂಟು. ಓದುಗನಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಉಳಿದದ್ದು ಅಂಚೆ. 2024ರ ಕೊನೆಗೆ ನೋಂದಾಯಿತ ಪುಸ್ತಕ ಅಂಚೆಯನ್ನು ನಿಲ್ಲಿಸಿದಾಗ ನಮ್ಮಂಥ ಸಣ್ಣವರ ಬೆನ್ನು ಮುರಿಯಿತು. ನೂರೈವತ್ತರ ಪುಸ್ತಕಕ್ಕೆ ಕೊರಿಯರ್ ಖರ್ಚು ಹೊರಿಸುವುದು ಹೇಗೆ? 2025ರ ಮೇ ತಿಂಗಳಲ್ಲಿ 'ಜ್ಞಾನ ಪೋಸ್ಟ್' ಬಂತು. ಮುನ್ನೂರು ಗ್ರಾಂವರೆಗೆ ಇಪ್ಪತ್ತು ರೂಪಾಯಿಂದ ಶುರು. ಈಗ ಮತ್ತೆ ಉಸಿರಾಡುತ್ತಿದ್ದೇವೆ.

"ಪುಸ್ತಕ ನೀವು ಮಾಡಿದ ಮೇಲೆ ಹಕ್ಕು ಯಾರದು?"

ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕ್ಷಣದಿಂದ ಹಕ್ಕು ಬರೆದವರದೇ, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಕಾಲ, ಅದರ ಮೇಲೆ ಅರವತ್ತು ವರ್ಷ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಪದ್ಯಗಳು 2006ರ ಕೊನೆಗೆ ಎಲ್ಲರದ್ದಾದವು. ಮಾಸ್ತಿ 1986ರಲ್ಲಿ ಹೋದರು, ಆದ್ದರಿಂದ ಅವರ ಕತೆಗೆ 2046ರವರೆಗೆ ಹಕ್ಕುದಾರರ ಅನುಮತಿ ಬೇಕು.

ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನು ಹಿಡಿಯುತ್ತದೆ. "ಎಲ್ಲ ಭಾಷೆ, ಎಲ್ಲ ಮಾಧ್ಯಮ, ಶಾಶ್ವತವಾಗಿ" ಎಂಬ ಸಾಲು ಕಂಡರೆ ಪೆನ್ನಿನ ಮುಚ್ಚಳ ಹಾಕಿ. ಅನುವಾದ, ಸಿನಿಮಾ, ಆಡಿಯೊ ಹಕ್ಕು ನಿಮ್ಮಲ್ಲೇ ಇರಲಿ. ನನ್ನ ಕರಾರು ಒಂದೂವರೆ ಪುಟ, ಕನ್ನಡದಲ್ಲಿದೆ, ಕೇಳಿದರೆ ಕಳಿಸುತ್ತೇನೆ.

## ಸಂಶೋಧಕರು, ಸಹೋದ್ಯೋಗಿಗಳು ಕೇಳುವುದು

"ಬೂಕರ್ ಬಂದ ಮೇಲೆ ಎಲ್ರೂ ಅನುವಾದಕ್ಕೆ ಅಂತಲೇ ಬರೀತಾರಾ?"

2025ರಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ವಾರ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಅರ್ಧ ಜನ "ನಮ್ಮದನ್ನೂ ಇಂಗ್ಲಿಷಿಗೆ ಮಾಡಿಸಿ" ಅಂದವರು. ಅವರು ಮರೆತದ್ದು ಎರಡು. ಆ ಕತೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ, ಕನ್ನಡ ಓದುಗರಿಗಾಗಿ ಬರೆದವು. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರವಾಗಲಿ ಅಡಿಟಿಪ್ಪಣಿಯಾಗಲಿ ಇಲ್ಲದೆ ಇಂಗ್ಲಿಷಿನೊಳಗೆ ಹಾಗೇ ಕೂರಿಸಿದರು. ಬಹುಮಾನದ ಹಣವೂ ಲೇಖಕಿಗೆ, ಅನುವಾದಕಿಗೆ ಸಮಪಾಲು. ಇದನ್ನು ನಾನು ಅನುವಾದ ತರಗತಿಯಲ್ಲಿ ಮೊದಲ ದಿನವೇ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಅನುವಾದಕರ ಹೆಸರನ್ನು ಮುಖಪುಟಕ್ಕೆ ತರಲು ಈಗಲೂ ಜಗಳವಾಡಬೇಕು.

"ಈ ಕತೆ, ಪ್ರಕಾಶನ ಎಲ್ಲ ನಿಮ್ಮ ಪ್ರಮೋಷನ್‌ಗೆ ಲೆಕ್ಕಕ್ಕೆ ಬರುತ್ತಾ?"

ಯುಜಿಸಿಯ 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ರಾಷ್ಟ್ರೀಯ ಮಟ್ಟದ ಪ್ರಕಾಶಕರಿಂದ ಬಂದ ಪುಸ್ತಕಕ್ಕೆ 10, ಅನುವಾದಿಸಿದ ಪುಸ್ತಕಕ್ಕೆ 8. ಕಥಾಸಂಕಲನಕ್ಕೆಂದು ಬೇರೆ ಸಾಲಿಲ್ಲ. ಸಮಿತಿಯಲ್ಲಿ ಕೂತವರ ಮನಸ್ಸು. ನಾಲ್ಕು ವರ್ಷ ಬರೆದ ಕತೆಗಳ ಮುಂದೆ ನಾಲ್ಕು ದಿನದಲ್ಲಿ ಬರೆದ ಲೇಖನ ತೂಗುವುದನ್ನು ಕಂಡಿದ್ದೇನೆ. ನಂಬಬಹುದಾದ ಸಂಶೋಧನಾ ಪತ್ರಿಕೆಗಳು ಎಂದು ಮಾಡಿದ್ದ ಕೇರ್ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿತು. ಆ ಪಟ್ಟಿ ನಂಬಿ ದುಡ್ಡು ಕಟ್ಟಿ ಲೇಖನ ಹಾಕಿಸಿದವರು ಈಗ ಮುಖ ಮುಖ ನೋಡುತ್ತಿದ್ದಾರೆ.

"ಬದುಕಿರೋ ಲೇಖಕರ ಮೇಲೆ ಪಿಎಚ್.ಡಿ. ಮಾಡ್ಬಹುದಾ?"

ಮಾಡಬಹುದು, ಆದರೆ ಅವರ ಮನೆಯ ಕಾಫಿ ಕಡಿಮೆ ಕುಡಿಯಿರಿ. 'ಸಮಗ್ರ ಸಾಹಿತ್ಯ: ಒಂದು ಅಧ್ಯಯನ' ಎಂಬ ಹೆಸರಿನ ಪ್ರಸ್ತಾವ ತಂದರೆ ನಾನು ಸಹಿ ಹಾಕುವುದಿಲ್ಲ. ಮೊದಲು ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಹುಡುಕಿ, ಅದೇ ವಿಷಯ ಮೂರು ವಿಶ್ವವಿದ್ಯಾಲಯಗಳಲ್ಲಿ ಸಿಕ್ಕೀತು. 2022ರ ನಿಯಮದ ನಂತರ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಯುಜಿಸಿ ಕಡ್ಡಾಯವಿಲ್ಲ. ಆ ಉಳಿದ ಸಮಯವನ್ನು ಊರೂರು ತಿರುಗಲು ಬಳಸಿ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರು ಜಿಲ್ಲೆಗಳಲ್ಲಿ ನಿಂತುಹೋದ ಕಿರುಪತ್ರಿಕೆಗಳ, ಸಣ್ಣ ಪ್ರಕಾಶನಗಳ ಚಂದಾದಾರರ ಪಟ್ಟಿ, ಪ್ರೆಸ್ ಬಿಲ್ಲು, ಲೇಖಕರ ಕಾಗದಗಳು ಯಾರದೋ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಯಾರು ಬರೆದರು ಎಂಬುದಕ್ಕೆ ಬೇಕಾದಷ್ಟು ಪ್ರಬಂಧಗಳಿವೆ. ಯಾರ ದುಡ್ಡಿನಲ್ಲಿ ಅಚ್ಚಾಯಿತು, ಯಾರು ಕೊಂಡು ಓದಿದರು ಎಂದು ಕೇಳಿದವರು ಕಡಿಮೆ.

"ನೀವೇ ಬರೀತೀರಿ, ನೀವೇ ವಿಮರ್ಶೆ ಮಾಡ್ತೀರಿ, ನೀವೇ ಪ್ರಕಟಿಸ್ತೀರಿ. ಇದು ಮ್ಯಾಚ್ ಫಿಕ್ಸಿಂಗ್ ಅಲ್ವಾ?"

ಕೇಳಿದ್ದು ಸರಿ. ನನ್ನ ಕೈಯಲ್ಲಿ ಅಂಕವಿರುವ ವಿದ್ಯಾರ್ಥಿಯ ಪುಸ್ತಕವನ್ನು ಅವನು ಕಾಲೇಜು ಬಿಡುವವರೆಗೆ ಮಾಡುವುದಿಲ್ಲ. ನಾನು ಪ್ರಕಟಿಸಿದ್ದನ್ನು ನಾನು ವಿಮರ್ಶಿಸುವುದಿಲ್ಲ, ಪಠ್ಯಕ್ಕೆ ಸೂಚಿಸುವುದಿಲ್ಲ. ಪಠ್ಯ ಸಮಿತಿಯಲ್ಲಿ ನಮ್ಮ ಪುಸ್ತಕದ ಹೆಸರು ಬಂದರೆ ಎದ್ದು ಹೊರಗೆ ಹೋಗಿ ಟೀ ಕುಡಿದು ಬರುತ್ತೇನೆ. ಇಷ್ಟಾದರೂ ಸ್ನೇಹ, ದಾಕ್ಷಿಣ್ಯ ಎಲ್ಲೋ ಒಂದು ಕಡೆ ಕೆಲಸ ಮಾಡಿಯೇ ಮಾಡುತ್ತದೆ, ಇದು ಸಣ್ಣ ಊರು.

ನನ್ನ ಕತೆಗಳನ್ನು ನನ್ನ ಪ್ರಕಾಶನದಿಂದ ತರುವುದಿಲ್ಲ. ಎರಡನೇ ಸಂಕಲನವನ್ನು ಬೇರೊಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಏಳು ತಿಂಗಳ ಮೇಲೆ ಪೆನ್ಸಿಲ್ ಗುರುತುಗಳ ಸಮೇತ ವಾಪಸು ಬಂತು. ಮೂರನೇ ಕತೆಯ ಅಂಚಿನಲ್ಲಿ ಬರೆದಿದ್ದರು: "ಇದು ಪಾಠವಾಯಿತು ಮೇಡಂ, ತೆಗೆಯಿರಿ." ಎರಡು ದಿನ ಸಿಟ್ಟಿನಲ್ಲಿದ್ದು ಮೂರನೇ ದಿನ ತೆಗೆದೆ. ಆ ಕತೆ ಈಗಲೂ ಡ್ರಾಯರಿನಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ. ಅವರು ಹೇಳಿದ್ದೇ ಸರಿ.